ಟ್ಯಾಕ್ಸಿ ವಿಮೆ (ಭಾರತ)

ಟ್ಯಾಕ್ಸಿ ವಿಮೆ ಎಂಬುದು ಬಾಡಿಗೆಗೆ ಪ್ರಯಾಣಿಕರನ್ನು ಕರೆದೊಯ್ಯುವ ಕಾರುಗಳಿಗೆ ಭಾರತದಲ್ಲಿ ನೀಡಲಾಗುವ ವಾಣಿಜ್ಯ ವಾಹನ ವಿಮೆಯ ಒಂದು ವಿಧ. ಸ್ವಂತ ಬಳಕೆಯ ಕಾರಿನ ವಿಮೆಗಿಂತ ಇದು ದುಬಾರಿ. ದಿನವಿಡೀ ರಸ್ತೆಯಲ್ಲಿರುವ ವಾಹನಕ್ಕೆ ಅಪಘಾತದ ಸಂಭವ ಹೆಚ್ಚು, ಒಳಗೆ ಕುಳಿತ ಪ್ರಯಾಣಿಕರ ಹೊಣೆಯೂ ಅದಕ್ಕೆ ಸೇರುತ್ತದೆ. ಸಾಲ ಮಾಡಿ ಕಾರು ಕೊಂಡು ತಾನೇ ಓಡಿಸುವ ಚಾಲಕನಿಗೆ ವಾಹನವೇ ದುಡಿಮೆಯ ಸಾಧನವಾದ್ದರಿಂದ, ವಿಮೆಯ ಆಯ್ಕೆಯಲ್ಲಾಗುವ ಲೋಪವು ಕುಟುಂಬದ ಆದಾಯವನ್ನೇ ತಟ್ಟುತ್ತದೆ.

ಕಾನೂನಿನ ಹಿನ್ನೆಲೆ

ಮೋಟಾರು ವಾಹನ ಕಾಯ್ದೆ, 1988ರ 146ನೇ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಓಡುವ ಪ್ರತಿಯೊಂದು ಮೋಟಾರು ವಾಹನಕ್ಕೂ ತೃತೀಯ ವ್ಯಕ್ತಿ ವಿಮೆ (ಥರ್ಡ್ ಪಾರ್ಟಿ ವಿಮೆ) ಕಡ್ಡಾಯ. ವಿಮೆಯಿಲ್ಲದೆ ವಾಹನ ಓಡಿಸಿದರೆ 196ನೇ ಕಲಮಿನಡಿ ಮೊದಲ ಬಾರಿಗೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು.

ತೃತೀಯ ವ್ಯಕ್ತಿ ವಿಮೆಯ ಕಂತನ್ನು ಸರ್ಕಾರವೇ ನಿಗದಿಪಡಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1000ಕ್ಕಿಂತ ಹೆಚ್ಚು, 1500ರವರೆಗಿನ ಸಿಸಿಯ ಸ್ವಂತ ಬಳಕೆಯ ಕಾರಿಗೆ 3,416 ರೂಪಾಯಿ ಇದ್ದರೆ, ಅದೇ ಸಾಮರ್ಥ್ಯದ ಟ್ಯಾಕ್ಸಿಗೆ ಮೂಲ ದರವೇ 7,940 ರೂಪಾಯಿ. ಇದರ ಮೇಲೆ ಪ್ರತಿ ಪ್ರಯಾಣಿಕರ ಲೆಕ್ಕದಲ್ಲಿ ಪ್ರತ್ಯೇಕ ಮೊತ್ತ ಸೇರುತ್ತದೆ. ವಿದ್ಯುತ್ ವಾಹನಗಳಿಗೆ ಶೇ. 15ರಷ್ಟು ರಿಯಾಯಿತಿ ಇದೆ. ಈ ಭಾಗದ ದರ ಎಲ್ಲ ಕಂಪನಿಗಳಲ್ಲೂ ಒಂದೇ ಆದ್ದರಿಂದ, ಕಂಪನಿಗಳ ನಡುವಿನ ಹೋಲಿಕೆಗೆ ಅರ್ಥ ಬರುವುದು ವಾಹನದ ಸ್ವಂತ ಹಾನಿಯ ಭಾಗದಲ್ಲಿ ಮಾತ್ರ.

ಬಿಳಿ ಫಲಕದ ಕಾರು ಬಾಡಿಗೆಗೆ

ಕಂತಿನ ಈ ಅಂತರವೇ ಹಲವರನ್ನು ಬಿಳಿ ನೋಂದಣಿ ಫಲಕದ ಸ್ವಂತ ಕಾರನ್ನು ಬಾಡಿಗೆಗೆ ಓಡಿಸಲು ಪ್ರೇರೇಪಿಸುತ್ತದೆ. ಪ್ರತಿಯೊಂದು ವಿಮಾ ಪತ್ರದಲ್ಲೂ 'ಬಳಕೆಯ ಮಿತಿ' ಎಂಬ ಕಲಮು ಇರುತ್ತದೆ. ಸ್ವಂತ ಕಾರಿನ ಪತ್ರದಲ್ಲಿ ಬಾಡಿಗೆಯ ಬಳಕೆಯನ್ನು ಅದು ಸ್ಪಷ್ಟವಾಗಿ ಹೊರಗಿಡುತ್ತದೆ. ಇಂಥ ಕಾರು ಬಾಡಿಗೆಯಲ್ಲಿದ್ದಾಗ ಜಖಂಗೊಂಡರೆ ದುರಸ್ತಿಯ ವೆಚ್ಚವನ್ನು ಕಂಪನಿ ನಿರಾಕರಿಸಬಹುದು. ಟ್ಯಾಕ್ಸಿಯಾಗಿ ಓಡುತ್ತಿದ್ದ ಖಾಸಗಿ ವಾಹನವೊಂದು ಕಳವಾದ ನಿತಿನ್ ಖಂಡೇಲ್‌ವಾಲ್ ಪ್ರಕರಣದಲ್ಲಿ (2008) ಸರ್ವೋಚ್ಚ ನ್ಯಾಯಾಲಯವು ಪರಿಹಾರವನ್ನು ಪೂರ್ತಿ ತಿರಸ್ಕರಿಸದೆ ಶೇ. 75ರಷ್ಟು ಕೊಡುವುದನ್ನು ಎತ್ತಿಹಿಡಿಯಿತು. ಆದರೆ ಅಷ್ಟನ್ನು ಪಡೆಯಲೂ ವಾಹನ ಮಾಲೀಕರು ಸರ್ವೋಚ್ಚ ನ್ಯಾಯಾಲಯದವರೆಗೆ ವ್ಯಾಜ್ಯ ನಡೆಸಬೇಕಾಯಿತು ಎಂಬುದನ್ನು ಮರೆಯುವಂತಿಲ್ಲ.

ರಹದಾರಿಯ (ಪರ್ಮಿಟ್) ವಿಷಯದಲ್ಲಿ ನ್ಯಾಯಾಲಯದ ನಿಲುವು ಇನ್ನೂ ಕಠಿಣ. ಅಮೃತ್ ಪಾಲ್ ಸಿಂಗ್ ಪ್ರಕರಣದಲ್ಲಿ (2018) ರಹದಾರಿಯಿಲ್ಲದೆ ವಾಹನ ಓಡಿಸುವುದು ವಿಮಾ ಕರಾರಿನ ಮೂಲಭೂತ ಉಲ್ಲಂಘನೆ ಎಂದು ತೀರ್ಪಾಯಿತು. ಕಂಪನಿ ಮೊದಲು ಸಂತ್ರಸ್ತರಿಗೆ ಪರಿಹಾರ ಕೊಟ್ಟು, ಬಳಿಕ ಆ ಮೊತ್ತವನ್ನು ಮಾಲೀಕನಿಂದ ವಸೂಲು ಮಾಡಬಹುದು. ಸಾವು ಸಂಭವಿಸಿದ ಪ್ರಕರಣಗಳಲ್ಲಿ ಈ ಮೊತ್ತ ಕಾರಿನ ಬೆಲೆಯನ್ನೇ ಮೀರಬಹುದು.

ಚಾಲನಾ ಪರವಾನಗಿಯ ಕುರಿತ ಗೊಂದಲ ಮಾತ್ರ ಚಾಲಕರ ಪರವಾಗಿ ಬಗೆಹರಿದಿದೆ. ಲಘು ಮೋಟಾರು ವಾಹನದ ಪರವಾನಗಿ ಉಳ್ಳವರು 7,500 ಕಿಲೋಗ್ರಾಂ ಒಳಗಿನ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮೋದನೆಯಿಲ್ಲದೆ ಓಡಿಸಬಹುದು ಎಂದು ಮುಕುಂದ್ ದೇವಾಂಗನ್ ಪ್ರಕರಣದಲ್ಲಿ (2017) ಹೇಳಲಾಗಿತ್ತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಇದನ್ನು ದೃಢಪಡಿಸಿತು.

ಸ್ವಂತ ಹಾನಿ

ಸಮಗ್ರ ವಿಮೆಯಲ್ಲಿ ಅಪಘಾತ, ಕಳವು, ಬೆಂಕಿ, ಪ್ರವಾಹ ಮುಂತಾದವುಗಳಿಂದ ಟ್ಯಾಕ್ಸಿಗೇ ಆಗುವ ನಷ್ಟವೂ ಸೇರುತ್ತದೆ. ಪರಿಹಾರದ ಗರಿಷ್ಠ ಮಿತಿ 'ವಿಮಾ ಘೋಷಿತ ಮೌಲ್ಯ' (ಐಡಿವಿ). ಕಂತು ಇಳಿಸಲು ಈ ಮೌಲ್ಯವನ್ನು ತಗ್ಗಿಸಿ ತೋರಿಸುವ ರೂಢಿ ಇದೆ. ಕಾರು ಕಳವಾದಾಗ ಅಥವಾ ಪೂರ್ತಿ ನಾಶವಾದಾಗ ಬಂದ ಹಣ ಸಾಲದ ಬಾಕಿಗೂ ಸಾಲದೆ, ಕಾರಿಲ್ಲದಿದ್ದರೂ ಮಾಸಿಕ ಕಂತು ಮುಂದುವರಿಯುವ ಸ್ಥಿತಿ ಅದರಿಂದ ಒದಗಬಹುದು.

ಸಾಮಾನ್ಯ ಪತ್ರದಡಿ ಬಿಡಿಭಾಗಗಳ ಸವಕಳಿಯನ್ನು ಕಳೆಯಲಾಗುತ್ತದೆ. ಪ್ಲಾಸ್ಟಿಕ್, ರಬ್ಬರ್, ಟೈರು ಹಾಗೂ ಬ್ಯಾಟರಿಗಳಿಗೆ ಇದು ಶೇ. 50. ಸವಕಳಿ ಮನ್ನಾ ಸೌಲಭ್ಯಕ್ಕೆ ಹೆಚ್ಚುವರಿ ಕಂತು ಕಟ್ಟಬೇಕು. ಟ್ಯಾಕ್ಸಿಗಳಿಗೆ ಎಲ್ಲ ಕಂಪನಿಗಳೂ ಒಂದೇ ರೀತಿಯಲ್ಲಿ ಇದನ್ನು ಕೊಡುವುದಿಲ್ಲ. ನೀರು ನಿಂತ ರಸ್ತೆಯಲ್ಲಿ ಕೆಟ್ಟು ನಿಂತ ಕಾರನ್ನು ಮತ್ತೆ ಚಾಲೂ ಮಾಡಲು ಹೋಗಿ ಎಂಜಿನ್‌ಗೆ ನೀರು ಸೇರಿ ಆಗುವ ಹಾನಿಯನ್ನು ಕಂಪನಿಗಳು ಸಾಮಾನ್ಯವಾಗಿ ಅಪಘಾತವೆಂದು ಒಪ್ಪುವುದಿಲ್ಲ. ಇದಕ್ಕೆ ಎಂಜಿನ್ ರಕ್ಷಣೆಯ ಪ್ರತ್ಯೇಕ ಸೌಲಭ್ಯವಿದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಜಲಾವೃತವಾಗಿದ್ದನ್ನು ನೆನೆದರೆ ಇದು ನಗರದ ಟ್ಯಾಕ್ಸಿಗೆ ಅತಿಶಯದ ಖರ್ಚಲ್ಲ. ಹೊರಗಿನಿಂದ ಅಳವಡಿಸಿದ ಸಿಎನ್‌ಜಿ ಕಿಟ್ ನೋಂದಣಿ ಪತ್ರದಲ್ಲೂ ವಿಮಾ ಪತ್ರದಲ್ಲೂ ನಮೂದಾಗಿರಬೇಕು.

ಕಾರು ಗ್ಯಾರೇಜಿನಲ್ಲಿದ್ದ ದಿನಗಳ ದುಡಿಮೆಯ ನಷ್ಟವನ್ನು ಸಾಮಾನ್ಯ ವಿಮೆ ತುಂಬುವುದಿಲ್ಲ.

ಚಾಲಕನ ರಕ್ಷಣೆ

ತೃತೀಯ ವ್ಯಕ್ತಿ ವಿಮೆ ಇತರರಿಗಾಗಿ ಇರುವುದು. ತನ್ನದೇ ತಪ್ಪಿನಿಂದ ಗಾಯಗೊಂಡ ಮಾಲೀಕ-ಚಾಲಕನಿಗೆ ಅದರಲ್ಲಿ ಪಾಲಿಲ್ಲ. ಈ ಕೊರತೆಯನ್ನು ತುಂಬಲು 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಇದೆ. ಆದರೆ ಅದು ಸಲ್ಲುವುದು ನೋಂದಣಿ ಪತ್ರದಲ್ಲಿ ಹೆಸರಿರುವ, ಚಾಲನಾ ಪರವಾನಗಿ ಹೊಂದಿದ ಮಾಲೀಕನಿಗೆ ಮಾತ್ರ. ತಂದೆಯ ಅಥವಾ ಪತ್ನಿಯ ಹೆಸರಿನಲ್ಲಿ ಕಾರು ಕೊಂಡು ಬೇರೊಬ್ಬರು ಓಡಿಸುವ ಕುಟುಂಬಗಳಲ್ಲಿ ಈ ವ್ಯತ್ಯಾಸ ಮಹತ್ವದ್ದು. ಕರ್ನಾಟಕದಿಂದ ಹೋದ ನಿಂಗಮ್ಮ ಪ್ರಕರಣದಲ್ಲಿ (2009), ಎರವಲು ಪಡೆದ ಬೈಕ್ ಓಡಿಸುವಾಗ ಮೃತಪಟ್ಟವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆದ್ದರಿಂದ 163-ಎ ಕಲಮಿನಡಿ ಅವನ ವಾರಸುದಾರರು ಪರಿಹಾರ ಕೇಳುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು.

ಸಂಬಳದ ಚಾಲಕನ ವಿಷಯದಲ್ಲಿ 1923ರ ಪರಿಹಾರ ಕಾಯ್ದೆಯಡಿ ಮಾಲೀಕನಿಗಿದ್ದ ಹೊಣೆ ಕಡ್ಡಾಯ ವಿಮೆಯಲ್ಲೇ ಅಡಕವಾಗಿತ್ತು. ದಿನಕ್ಕಿಷ್ಟು ಎಂದು ಮಾಲೀಕನಿಗೆ ಕಟ್ಟಿ ಕಾರು ಓಡಿಸುವವನು ಸಂಬಳದಾರನೇ ಎಂಬುದು ವಿವಾದಕ್ಕೆ ಎಡೆಮಾಡುವ ಪ್ರಶ್ನೆಯಾದ್ದರಿಂದ, ಅಂಥವರಿಗೆ ತಮ್ಮ ಹೆಸರಿನಲ್ಲೇ ಅಪಘಾತ ವಿಮೆ ಇರುವುದು ಕ್ಷೇಮ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷ ರೂಪಾಯಿಯ ರಕ್ಷಣೆ ದೊರೆಯುತ್ತದೆ. ಆ್ಯಪ್ ಆಧಾರಿತ ಟ್ಯಾಕ್ಸಿ ಕಂಪನಿಗಳು ತಮ್ಮ ಚಾಲಕರಿಗೆ ಕನಿಷ್ಠ 5 ಲಕ್ಷದ ಆರೋಗ್ಯ ವಿಮೆ, 10 ಲಕ್ಷದ ಅವಧಿ ವಿಮೆ ಒದಗಿಸಬೇಕೆಂದು ಕೇಂದ್ರದ 2020ರ ಮಾರ್ಗಸೂಚಿ ಹೇಳಿತ್ತು.

ನವೀಕರಣ

ಟ್ಯಾಕ್ಸಿಯ ವಿಮೆಯನ್ನು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನವೀಕರಿಸಬೇಕು. ಅವಧಿ ಮುಗಿದ ಮೇಲೆ 90 ದಿನ ಕಳೆದರೆ, ಪರಿಹಾರ ಕೋರದ ವರ್ಷಗಳಿಗಾಗಿ ದೊರೆಯುವ ಶೇ. 20ರಿಂದ 50ರವರೆಗಿನ ರಿಯಾಯಿತಿ ಕೈತಪ್ಪುತ್ತದೆ. ವಿಮಾ ಕಾಯ್ದೆಯ 64-ವಿಬಿ ಕಲಮಿನಂತೆ ಕಂತಿನ ಹಣ ಕಂಪನಿಗೆ ಸಲ್ಲುವ ಮುನ್ನ ಅಪಾಯದ ಹೊಣೆ ಆರಂಭವಾಗುವುದಿಲ್ಲ. ಮಧ್ಯವರ್ತಿಯ ಕೈಗೆ ಹಣ ಕೊಟ್ಟು ಪತ್ರಕ್ಕಾಗಿ ಕಾಯುವವರು ಪತ್ರದ ಮೇಲಿನ ಆರಂಭದ ದಿನಾಂಕ ಮತ್ತು ವೇಳೆಯನ್ನು ನೋಡಿಕೊಂಡೇ ವಾಹನವನ್ನು ರಸ್ತೆಗಿಳಿಸಬೇಕಾಗುತ್ತದೆ.