ಉಸಿರು ಮರಳಿದ ಮೇಲೆ: ಘಟಪ್ರಭೆಯ ದಂಡೆಯಿಂದ ಒಂದು ಚಾರಿತ್ರಿಕ ಅವಲೋಕನ

ಘಟಪ್ರಭಾ ನದಿಯು ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟಿಗೆ ತಡೆದು ನಿಂತು, ಗೋಕಾಕದ ಬಂಡೆಗಳ ಮೇಲಿಂದ ಧುಮುಕಿ, ಮೂಡಲಗಿ ತಾಲೂಕಿನ ಸುಣಧೋಳಿ, ಅವರಾದಿಗಳ ಮಗ್ಗುಲಲ್ಲಿ ಹರಿದು ಕೃಷ್ಣೆಯತ್ತ ಸಾಗುತ್ತದೆ. ಬೆಳಗಾವಿ–ಮಿರಜ ರೈಲುಮಾರ್ಗದಲ್ಲಿ ಈ ನದಿಯ ಹೆಸರನ್ನೇ ಹೊತ್ತ ನಿಲ್ದಾಣವೊಂದಿದೆ. ಆ ಊರಿನಲ್ಲಿ 1929ರಲ್ಲಿ ಒಂದು ವೈದ್ಯಕೀಯ ಸಂಸ್ಥೆ ಆರಂಭವಾಯಿತು. ಡಾ. ಕೊಕಟನೂರ ಹಾಗೂ ಹಿಂದೂಸ್ತಾನಿ ಸೇವಾದಳದ ಸ್ಥಾಪಕರಾದ ಡಾ. ನಾ. ಸು. ಹರ್ಡೀಕರ ಅವರ ಹೆಸರುಗಳು ಅದರೊಂದಿಗೆ ಬೆಸೆದುಕೊಂಡಿವೆ. ಕಾಗದಪತ್ರಗಳಲ್ಲಿ ಅದು ಕರ್ನಾಟಕ ಹೆಲ್ತ್ ಇನ್‌ಸ್ಟಿಟ್ಯೂಟ್; ಜನರ ಬಾಯಲ್ಲಿ ಆರೋಗ್ಯಧಾಮ.

ಈ ಎರಡನೆಯ ಹೆಸರಿನ ಬಳಿ ನಾವು ತುಸು ನಿಲ್ಲಬೇಕು. ಆಸ್ಪತ್ರೆಗೆ ಹೋಗಿ ಬರುತ್ತಾರೆ; ಧಾಮದಲ್ಲಿ ತಂಗುತ್ತಾರೆ. ಆ ಕಾಲದ ವೈದ್ಯಶಾಸ್ತ್ರದಲ್ಲಿ ತಂಗುವುದೇ ಚಿಕಿತ್ಸೆಯ ದೊಡ್ಡ ಪಾಲಾಗಿತ್ತು. ಶ್ವಾಸಕೋಶವನ್ನು ತಿನ್ನುವ ಕ್ಷಯಕ್ಕೆ 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬರುವವರೆಗೆ ಪರಿಣಾಮಕಾರಿ ಔಷಧವಿರಲಿಲ್ಲ. ವಿಶ್ರಾಂತಿ, ಶುದ್ಧ ಗಾಳಿ, ಹೊಟ್ಟೆ ತುಂಬ ಊಟ, ಆಮೇಲೆ ಅಳೆದು ತೂಗಿದ ನಡಿಗೆ, ಇಷ್ಟೇ ವೈದ್ಯನ ಕೈಯಲ್ಲಿದ್ದುದು. ಇಂಗ್ಲೆಂಡಿನ ಫ್ರಿಮ್ಲಿ ಎಂಬಲ್ಲಿ 1905ರಲ್ಲಿ ತೆರೆದ ಕ್ಷಯಧಾಮದಲ್ಲಿ ಡಾ. ಮಾರ್ಕಸ್ ಪ್ಯಾಟರ್ಸನ್ ಅವರು ರೋಗಿಗಳಿಗೆ ಮೊದಲು ನಡಿಗೆ, ನಂತರ ಬುಟ್ಟಿ ಹೊರುವ ಕೆಲಸ, ಕೊನೆಗೆ ಸಲಿಕೆ ಹಿಡಿಯುವ ಕೆಲಸ ಎಂದು ಮೆಟ್ಟಿಲು ಮೆಟ್ಟಿಲಾಗಿ ದುಡಿಮೆ ಹೆಚ್ಚಿಸಿದರು. ಮನೆಗೆ ಮರಳಿ ಕೂಲಿ ಮಾಡಲೇಬೇಕಾದ ಬಡವನನ್ನು ಅದಕ್ಕೆ ಸಿದ್ಧಗೊಳಿಸುವುದು ಅವರ ಆಶಯವಾಗಿತ್ತು. ನಮ್ಮ ಸೀಮೆಗೆ ಸಮೀಪದಲ್ಲೇ, ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಮಿರಜದಲ್ಲಿ ತೆರೆದ ಪ್ರೆಸ್‌ಬಿಟೇರಿಯನ್ ಮಿಷನ್ ಆಸ್ಪತ್ರೆಯ ಬೆನ್ನಿಗೆ ವಾನ್ಲೆಸ್‌ವಾಡಿಯ ಕ್ಷಯಧಾಮವೂ ಬೆಳೆಯಿತು. ಅದು ಬೇರೊಂದು ಸಭೆಯ ಸಾಧನೆಯೆಂದು ನಮ್ಮ ಪಠ್ಯಗಳಲ್ಲಿ ಅದಕ್ಕೆ ಒಂದು ಸಾಲೂ ದೊರೆಯದಿರುವುದು ನಮ್ಮ ಬಡತನವೇ ಸರಿ.

ಈ ಹಳೆಯ ಸಂಗತಿಗಳನ್ನು ಕೆದಕುವುದಕ್ಕೆ ಕಾರಣವಿದೆ. ಗುರುಮಠದಲ್ಲಿ ನೈತಿಕ ದೈವಶಾಸ್ತ್ರ ಕಲಿಸುವ ನಾವು ಉಸಿರು ನಿಲ್ಲುವ ಗಳಿಗೆಯ ಕುರಿತು ಬಹಳಷ್ಟು ಹೇಳುತ್ತೇವೆ. ಉಸಿರು ಮರಳಿದ ಬಳಿಕ ಬರುವ ತಿಂಗಳುಗಳ ಕುರಿತು ನಮ್ಮ ಟಿಪ್ಪಣಿಗಳಲ್ಲಿ ಏನೂ ಇಲ್ಲ. ಧರ್ಮಸಭೆಯ ಚರಿತ್ರೆಯಲ್ಲಿ ಈ ಮೌನ ಮೊದಲಿನಿಂದಲೂ ಇದ್ದುದಲ್ಲ.

1548ರಲ್ಲಿ ಸಂತ ಫಿಲಿಪ್ ನೇರಿಯವರು ರೋಮಿನಲ್ಲಿ ಪವಿತ್ರ ತ್ರಿತ್ವದ ಹೆಸರಿನಲ್ಲಿ ಒಂದು ಭ್ರಾತೃಸಂಘವನ್ನು ಕಟ್ಟಿದರು. 1550ರ ಜುಬಿಲಿ ವರ್ಷದಲ್ಲಿ ಬಂದ ಬಡ ಯಾತ್ರಿಕರಿಗೆ ಅನ್ನ, ಆಸರೆ ಕೊಟ್ಟದ್ದರಿಂದ ಅದು ಹೆಸರಾಯಿತು. ಯಾತ್ರಿಕರ ನೂಕುನುಗ್ಗಲು ಇಳಿದ ಮೇಲೆ ಆ ಸಂಘ ಇನ್ನೊಂದು ಗುಂಪಿನತ್ತ ತಿರುಗಿತು. ಆಸ್ಪತ್ರೆಯವರು ಗುಣವಾಯಿತೆಂದು ಹೊರಗೆ ಕಳುಹಿಸಿದರೂ ಇನ್ನೂ ನೆಟ್ಟಗೆ ನಿಲ್ಲಲಾರದವರು, ಹೋಗಲು ಮನೆಯಿಲ್ಲದವರು, ಇದ್ದರೂ ಮರುದಿನವೇ ದುಡಿಯಬೇಕಾದವರು ಆ ಗುಂಪಿನಲ್ಲಿದ್ದರು. ಸಂಘದ ಹೆಸರಿನಲ್ಲೇ 'ಯಾತ್ರಿಕರ ಮತ್ತು ಚೇತರಿಸಿಕೊಳ್ಳುವವರ' ಎಂಬ ಮಾತು ಸೇರಿಕೊಂಡಿತು. ಯಾತ್ರಿಕನನ್ನೂ ಚೇತರಿಸಿಕೊಳ್ಳುವವನನ್ನೂ ಒಂದೇ ಸೂರಿನಡಿ ಇರಿಸಿದ್ದು ನಮಗೆ ಆಕಸ್ಮಿಕವೆನಿಸುವುದಿಲ್ಲ. ಇಬ್ಬರೂ ದಾರಿಯಲ್ಲಿರುವವರು, ಒಬ್ಬನಿಗೂ ಊರು ಇನ್ನೂ ಮುಟ್ಟಿಲ್ಲ.

ಯಂತ್ರದ ಕಾಲ ಬಂದದ್ದು ಕೋಪನ್‌ಹೇಗನ್ ನಗರದಲ್ಲಿ. 1952ರ ಪೋಲಿಯೊ ಪಿಡುಗಿನಲ್ಲಿ ಬ್ಲೆಗ್ಡಾಮ್ ಆಸ್ಪತ್ರೆಗೆ ಉಸಿರಾಟದ ಸ್ನಾಯುಗಳೇ ಸೋತ ರೋಗಿಗಳು ದಿನದಿನವೂ ಬರುತ್ತಿದ್ದರು. ಅಂಥವರಲ್ಲಿ ಹತ್ತಕ್ಕೆ ಎಂಟು ಮಂದಿಗೂ ಮಿಕ್ಕು ಸಾಯುತ್ತಿದ್ದರು. ಆಗಸ್ಟ್ 27ರಂದು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರು 12 ವರ್ಷದ ಬಾಲಕಿಯೊಬ್ಬಳ ಗಂಟಲಿನ ಕೆಳಗೆ ರಂಧ್ರ ಮಾಡಿಸಿ, ನಳಿಕೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತುತ್ತ ಆಕೆಯ ಶ್ವಾಸಕೋಶಕ್ಕೆ ಗಾಳಿ ತುಂಬಿದರು. ಆಕೆ ಬದುಕಿದಳು. ಅಷ್ಟೊಂದು ರೋಗಿಗಳಿಗೆ ಸಾಕಾಗುವಷ್ಟು ಯಂತ್ರಗಳಿರಲಿಲ್ಲವಾದ್ದರಿಂದ ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆಯ ಬದಿ ಕುಳಿತು ತಿಂಗಳುಗಟ್ಟಲೆ ಚೀಲ ಒತ್ತಿದರು. ತೀವ್ರ ನಿಗಾ ಘಟಕವೆಂದು ನಾವಿಂದು ಕರೆಯುವ ವ್ಯವಸ್ಥೆಯ ಮೂಲ ಅಲ್ಲಿದೆ. ಆ ಬಾಲಕಿ ಮಾತ್ರ ಮುಂದೆಯೂ ಉಸಿರಾಟಕ್ಕೆ ಯಂತ್ರವನ್ನು ನೆಚ್ಚಿಯೇ ಬಾಳಿ 1971ರಲ್ಲಿ ತೀರಿಕೊಂಡಳು. ಆಗಸ್ಟಿನ ಆ ದಿನವನ್ನು ವೈದ್ಯಚರಿತ್ರೆ ನೆನೆಯುತ್ತದೆ. ಅದರ ಮುಂದಿನ ಹತ್ತೊಂಬತ್ತು ವರ್ಷಗಳನ್ನು ನೆನೆಯುವವರು ವಿರಳ.

ಐದು ವರ್ಷ ಕಳೆಯುವಷ್ಟರಲ್ಲಿ ಪ್ರಶ್ನೆ ರೋಮನ್ನು ತಲುಪಿತು. ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಅರಿವಳಿಕೆ ತಜ್ಞ ಬ್ರೂನೊ ಹೈಡ್ ಅವರು ಕೇಳಿದ ಪ್ರಶ್ನೆಗಳಿಗೆ ಜಗದ್ಗುರು ಹನ್ನೆರಡನೇ ಪಿಯುಸರು 1957ರ ನವೆಂಬರ್ 24ರಂದು ನೀಡಿದ ಉತ್ತರವನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಬಲ್ಲರು. ಸ್ಥಳ, ಕಾಲ, ವ್ಯಕ್ತಿ, ಸಂಸ್ಕೃತಿಗಳಿಗೆ ಅನುಸಾರವಾಗಿ ಸಾಮಾನ್ಯವೆನಿಸುವ ಸಾಧನಗಳನ್ನು ಬಳಸುವುದು ಕರ್ತವ್ಯ; ರೋಗಿಗೂ ಇತರರಿಗೂ ಅತಿಭಾರವಾಗುವ ಅಸಾಮಾನ್ಯ ಸಾಧನಗಳಿಗೆ ಕಟ್ಟುಬೀಳಬೇಕಾಗಿಲ್ಲ; ಮರಣದ ಗಳಿಗೆಯನ್ನು ನಿರ್ಣಯಿಸುವ ಕೆಲಸ ವೈದ್ಯನದು. ಅದೇ ಭಾಷಣದ ಇನ್ನೊಂದು ಅಂಶವನ್ನು ನಾವು ಅಷ್ಟಾಗಿ ಓದುವುದಿಲ್ಲ. ರೋಗಿಗೆ ಅಂತಿಮ ಅಭ್ಯಂಜನ ಇನ್ನೂ ಆಗಿರದಿದ್ದರೆ ಅದು ಆಗುವ ತನಕ ಉಸಿರಾಟವನ್ನು ಮುಂದುವರಿಸಲು ಯತ್ನಿಸಬೇಕೆಂದು ಪಿಯುಸರು ಹೇಳಿದರು. ಅಂದರೆ ಅಂದಿನ ಚಿತ್ರದಲ್ಲಿ ಯಂತ್ರವೂ ಸಂಸ್ಕಾರವೂ ಒಂದೇ ಬಾಗಿಲ ಬಳಿ ನಿಂತಿದ್ದವು, ಹೊರಗೆ ಹೋಗುವ ಬಾಗಿಲ ಬಳಿ.

ಆರೇ ವರ್ಷಗಳಲ್ಲಿ ಸಂಸ್ಕಾರವು ಜಾಗ ಬದಲಿಸಿತು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಕುರಿತಾದ ತನ್ನ ಶಾಸನದ 73ನೇ ಪರಿಚ್ಛೇದದಲ್ಲಿ ಅದಕ್ಕೆ ರೋಗಿಗಳ ಅಭ್ಯಂಜನ ಎಂಬ ಹೆಸರೇ ಹೆಚ್ಚು ಉಚಿತವೆಂದೂ, ಸಾವಿನ ಅಂಚಿನಲ್ಲಿರುವವರಿಗೆ ಮಾತ್ರ ಅದು ಮೀಸಲಲ್ಲವೆಂದೂ ಸಾರಿತು. 1972ರಲ್ಲಿ ಆರನೇ ಪೌಲರು ಹೊಸ ವಿಧಿಯನ್ನು ಅನುಮೋದಿಸಿದರು. ಸಂತ ಯಕೋಬರ ಪತ್ರದ ಐದನೇ ಅಧ್ಯಾಯದಲ್ಲಿ ಪ್ರಭು ರೋಗಿಯನ್ನು ಎಬ್ಬಿಸುವನೆಂಬ ವಾಗ್ದಾನವಿದೆಯಷ್ಟೆ; ಆ ಎಬ್ಬಿಸುವಿಕೆ ಮತ್ತೆ ಸಂಸ್ಕಾರದ ನಡುಮನೆಗೆ ಬಂದಿತು. ಆದರೆ ಪುಸ್ತಕದಲ್ಲಿ ಆದ ಬದಲಾವಣೆ ನಮ್ಮ ರೂಢಿಯಲ್ಲಿ ಇನ್ನೂ ಪೂರ್ತಿಯಾಗಿ ಇಳಿದಿಲ್ಲ. ಎಣ್ಣೆಯ ಭರಣಿ ಹಿಡಿದು ಗುರು ಮನೆಯ ಹೊಸ್ತಿಲು ದಾಟಿದರೆ ಇಂದಿಗೂ ಒಳಗೆ ಅಳು ಏಳುತ್ತದೆ.

ಇದೇ ಅವಧಿಯಲ್ಲಿ ನಮ್ಮ ನಾಡಿನ ಧಾಮಗಳ ಗತಿಯೂ ಬದಲಾಯಿತು. 1956ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಕ್ಷಯ ಔಷಧ ಚಿಕಿತ್ಸಾ ಕೇಂದ್ರವು ರೋಗಿಗಳಲ್ಲಿ ಕೆಲವರನ್ನು ಧಾಮದಲ್ಲೂ ಕೆಲವರನ್ನು ಅವರ ಇಕ್ಕಟ್ಟಿನ ಮನೆಗಳಲ್ಲೂ ಇರಿಸಿ ಒಂದೇ ಔಷಧವನ್ನು ಒಂದು ವರ್ಷ ಕೊಟ್ಟು ನೋಡಿತು. 1959ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತನ್ನೇ ಬೆರಗುಗೊಳಿಸಿತು: ಊಟ ಕಡಿಮೆ, ಗಾಳಿ ಕಡಿಮೆ, ವಿಶ್ರಾಂತಿ ಕಡಿಮೆಯಿದ್ದರೂ ಮನೆಯವರು ಧಾಮದವರಷ್ಟೇ ಗುಣವಾಗಿದ್ದರು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಉದ್ಘಾಟನೆಗೊಂಡಿತು. ಆಮೇಲೆ ಕ್ಷಯಧಾಮದ ಹಾಸಿಗೆಗಳಿಗೆ ಹಿಂದಿನ ಮಹತ್ತ್ವ ಉಳಿಯಲಿಲ್ಲ. ಬಡವರ ಪಾಲಿಗೆ ಇದು ನಿಜಕ್ಕೂ ಬಿಡುಗಡೆಯೇ. ಕ್ಷಯಾಣುವನ್ನು ಕೊಲ್ಲಲು ಮಾತ್ರೆ ಸಾಕಾಯಿತು. ಆದರೆ ನಡಿಗೆಯನ್ನು ಅಳೆದು ಹೆಚ್ಚಿಸುವ ಕೈ, ಇಂದು ಇಷ್ಟು ಸಾಕು ಎನ್ನುವ ದನಿ, ಹೊತ್ತಿಗೆ ಬಡಿಸುವ ಅನ್ನ, ಧಾಮದೊಂದಿಗೆ ಇವೂ ಮರೆಗೆ ಸರಿದವು. ಹಾಗೆ ಸರಿದದ್ದು 2021ರವರೆಗೆ ನಮಗೆ ತಿಳಿಯಲೇ ಇಲ್ಲ.

ಆ ವರ್ಷದ ಏಪ್ರಿಲ್–ಮೇ ತಿಂಗಳುಗಳ ಕೊರೋನಾ ಅಲೆಯಲ್ಲಿ ಬೆಳಗಾವಿಯ ಆಸ್ಪತ್ರೆಗಳಿಗೆ ಹೋದ ಎಷ್ಟೋ ಜನ ಮರಳಲಿಲ್ಲ. ಮರಳಿದವರಲ್ಲಿ ಮೂಡಲಗಿ ಕಡೆಯ ರೈತರೊಬ್ಬರಿದ್ದರು. ಕೆಲವು ದಿನ ವೆಂಟಿಲೇಟರಿನಲ್ಲಿ, ಒಟ್ಟು ಮೂರು ವಾರ ಆಮ್ಲಜನಕದ ಆಸರೆಯಲ್ಲಿ ಇದ್ದವರು. ನಾವು ಅವರ ಮನೆಯಲ್ಲಿ ಕೃತಜ್ಞತಾ ಪ್ರಾರ್ಥನೆ ನಡೆಸಿ, ದೇವರ ದಯೆಯನ್ನು ಕೊಂಡಾಡಿ ಬಂದೆವು. ಮತ್ತೆ ಹೋದದ್ದು ಕ್ರಿಸ್ಮಸ್ ಹೊತ್ತಿಗೆ. ಅವರು ಜಗಲಿಯ ಹೊರಸಿನ ಮೇಲೆಯೇ ಇದ್ದರು. ಮನೆಯಾಕೆ ನೀರು ಕೊಡುತ್ತ, "ಜೀವಂತ ಬಂದಾರ್ರೀ ಫಾದರ್, ಖರೆ, ಆದರ ಮನಶ್ಯಾ ಇನ್ನೂ ಪೂರಾ ಬಂದಿಲ್ಲರಿ" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಏಳು ತಿಂಗಳು ನಾವು ಆ ದಾರಿಯಲ್ಲೇ ಓಡಾಡಿದ್ದೆವು.

ಆಕೆಯ ಮಾತನ್ನು ವೈದ್ಯಶಾಸ್ತ್ರ ಬೇರೆ ಪದಗಳಲ್ಲಿ ಹೇಳಿತ್ತು. ಟೊರಾಂಟೊದ ಮಾರ್ಗರೆಟ್ ಹೆರಿಡ್ಜ್ ಮತ್ತು ಸಂಗಡಿಗರು ಶ್ವಾಸಕೋಶದ ತೀವ್ರ ವೈಫಲ್ಯದಿಂದ ಬದುಕುಳಿದ 109 ಜನರನ್ನು ಒಂದು ವರ್ಷ ಹಿಂಬಾಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶ್ವಾಸಕೋಶಗಳು ಬಹುಮಟ್ಟಿಗೆ ಸುಧಾರಿಸಿದ್ದವು. ಆದರೆ ಆರು ನಿಮಿಷದಲ್ಲಿ ಅವರು ನಡೆದ ದೂರ ನಿರೀಕ್ಷಿತ ಮಟ್ಟದ ಮೂರನೇ ಎರಡರಷ್ಟೇ. ಕೆಲಸಕ್ಕೆ ಮರಳಿದವರು ಅರ್ಧದಷ್ಟು ಮಂದಿ. ಸೋತದ್ದು ಮಾಂಸಖಂಡ. ನಿಗಾ ಘಟಕದಲ್ಲಿ ಮಲಗಿದವರ ತೊಡೆಯ ಸ್ನಾಯು ಹತ್ತೇ ದಿನಗಳಲ್ಲಿ ಶೇ. 17ರಷ್ಟು ಕರಗುವುದನ್ನು ಇನ್ನೊಂದು ಅಧ್ಯಯನ ತೋರಿಸಿದೆ. ಪ್ರವಾದಿ ಯೆಜೆಕಿಯೇಲರ ಕಣಿವೆಯಲ್ಲಿ ಮೊದಲು ನರ ಮಾಂಸಗಳು ಕೂಡಿಕೊಂಡು ಕೊನೆಗೆ ಉಸಿರು ಬಂದಿತು. ಇವರಿಗಾದರೋ ಉಸಿರು ಮೊದಲು ಬಂದಿದೆ, ನರ ಮಾಂಸಗಳಿಗಾಗಿ ಕಾಯಬೇಕಾಗಿದೆ. ಹೊರಗಿನಿಂದ ನೋಡುವ ನೆಂಟರಿಗೆ ಇದು ಮೈಗಳ್ಳತನವಾಗಿ ಕಾಣುತ್ತದೆ.

ಗುರುಗಳಾದವರು ವಿಶೇಷವಾಗಿ ಅರಿಯಬೇಕಾದ ಸಂಗತಿ ಇನ್ನೊಂದಿದೆ. ಅಂಥ ರೋಗಿಗಳಲ್ಲಿ ಅನೇಕರಿಗೆ ನಿಗಾ ಘಟಕದ ದಿನಗಳ ನೆನಪು ತುಂಡುತುಂಡು. ನಡುನಡುವೆ ಗೋಡೆಯಿಂದ ಇಳಿದು ಬಂದ ಆಕೃತಿಗಳು, ಕೈಕಟ್ಟಿ ಕೊಲ್ಲಲು ಬಂದವರು, ಸತ್ತ ಹಿರಿಯರ ಕರೆ. ಔಷಧ, ನಿದ್ರೆಗೇಡು, ಆಮ್ಲಜನಕದ ಕೊರತೆ, ಸೋಂಕುಗಳಿಂದ ಮಿದುಳು ತಾತ್ಕಾಲಿಕವಾಗಿ ದಿಕ್ಕೆಡುವುದರ ಫಲವಿದು. ನೆನಪುಗೇಡು, ಭಯ, ಖಿನ್ನತೆ, ನಿಶ್ಶಕ್ತಿಗಳೆಲ್ಲ ಸೇರಿದ ಈ ಸ್ಥಿತಿಗೆ ನಿಗಾ ಘಟಕೋತ್ತರ ಲಕ್ಷಣಕೂಟ ಎಂಬ ಅರ್ಥದ ಹೆಸರನ್ನು ತಜ್ಞರು 2012ರಲ್ಲಿ ಪ್ರಕಟಿಸಿದರು. ಆದರೆ ಹಳ್ಳಿಯಲ್ಲಿ ಈ ಮಾತನ್ನು ರೋಗಿ ವೈದ್ಯನ ಬಳಿ ಆಡುವುದಿಲ್ಲ. ಆಡಿದರೆ ಗುರುಗಳ ಬಳಿ ಆಡುತ್ತಾನೆ, ಅದೂ ದೆವ್ವದ ಮಾತಾಗಿ. ಅವಸರದಿಂದ ಬಿಡುಗಡೆಯ ಪ್ರಾರ್ಥನೆಗೆ ಕೈಯೆತ್ತಿದವರು ರೋಗಿಯ ಭಯಕ್ಕೆ ಮುದ್ರೆಯೊತ್ತಿದಂತಾಗುತ್ತದೆ. ಸ್ಕ್ಯಾಂಡಿನೇವಿಯಾದ ದಾದಿಯರು ಹಾಸಿಗೆಯ ಬದಿಯಲ್ಲಿ ದಿನಚರಿ ಬರೆದಿಟ್ಟು, ಚೇತರಿಸಿಕೊಂಡವರಿಗೆ ಓದಲು ಕೊಡುವ ಪದ್ಧತಿಯನ್ನು ರೂಢಿಸಿದ್ದಾರೆ. ನಮ್ಮಲ್ಲಿ ಆ ದಿನಚರಿ ಮನೆಯವರ ನೆನಪಿನಲ್ಲಿದೆ. ಯಾವ ದಿನ ಏನಾಯಿತೆಂದು ಅವರು ಹೇಳುವಾಗ ಜೊತೆಗೆ ಕುಳಿತು ಕೇಳುವುದು ನಮ್ಮಿಂದಾಗುವ ಕೆಲಸ.

ಉಳಿದದ್ದರಲ್ಲಿ ನಮ್ಮ ಪಾಲು ಚಿಕ್ಕದು. ಯಾವ ವ್ಯಾಯಾಮ, ಎಷ್ಟು ಎಂಬುದನ್ನು ವೈದ್ಯರೂ ಫಿಸಿಯೋಥೆರಪಿಸ್ಟರೂ ಹೇಳಬೇಕು. ತುಟಿ ಚೂಪಾಗಿಸಿ ನಿಧಾನವಾಗಿ ಉಸಿರು ಬಿಡುವುದು, ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವುದು, ದಿನದಿನ ನಡಿಗೆ ಹೆಚ್ಚಿಸುವುದು ಇವೇ ಮೊದಲಾದವು. ಮನೆಯಲ್ಲಿ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಇದ್ದರೆ ಕರೆಂಟಿನ ಚಿಂತೆಯೂ ಇದೆ. 1969ರಿಂದ ತನ್ನದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ನಡೆಸಿಕೊಂಡು ಬಂದ ಹುಕ್ಕೇರಿಯ ಜನರಿಗೆ ನೆರೆಹೊರೆಯವರು ಕೂಡಿ ವ್ಯವಸ್ಥೆ ಕಟ್ಟುವುದನ್ನು ನಾವು ಕಲಿಸಬೇಕಾಗಿಲ್ಲ. ಈ ಮೂರು ತಾಲೂಕುಗಳಲ್ಲಿ ನಮ್ಮ ವಿಶ್ವಾಸಿಗಳ ಸಂಖ್ಯೆ ಅಲ್ಪವಾದ್ದರಿಂದ ಯಾರು ಆಸ್ಪತ್ರೆಯಿಂದ ಮರಳಿದರೆಂಬುದು ನಮಗೆ ತಿಳಿಯದೇ ಇರುವುದಿಲ್ಲ.

ಯಾಯಿರನ ಮಗಳಿಗೂ ಹನ್ನೆರಡೇ ವರ್ಷ. ಆಕೆ ಎದ್ದು ನಡೆದಾಡಿದಳೆಂದು ಸಂತ ಮಾರ್ಕರು ಬರೆಯುತ್ತಾರೆ. ಎಲ್ಲರೂ ಬೆರಗಾಗಿ ನಿಂತಿರುವಾಗ ಯೇಸುಸ್ವಾಮಿ ಆಕೆಗೆ ತಿನ್ನಲು ಏನಾದರೂ ಕೊಡಿರೆಂದು ಹೇಳಿದರು. ಪವಾಡದ ಕುರಿತು ಪ್ರಬೋಧನೆ ಮಾಡುವ ನಾವು ಈ ಕೊನೆಯ ಮಾತನ್ನು ಸಾಮಾನ್ಯವಾಗಿ ಓದಿ ಮುಂದೆ ಹೋಗುತ್ತೇವೆ.

ಮೂಡಲಗಿ ಕಡೆಯ ಆ ಮನೆಯಲ್ಲಿ ಮಗಳು ಅಂಗಳದಲ್ಲಿ ಸುಣ್ಣದಿಂದ ಗೆರೆ ಎಳೆದಿದ್ದಳು: ಹೊರಸಿನಿಂದ ಬಾಗಿಲಿಗೆ, ಬಾಗಿಲಿನಿಂದ ದನದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಬಾವಿಗೆ. ಫ್ರಿಮ್ಲಿಯ ಹೆಸರನ್ನು ಆಕೆ ಕೇಳಿದವಳಲ್ಲ. ತಪಸ್ಸುಕಾಲದಲ್ಲಿ ನಾವು ಹೋದಾಗ ತಂದೆ ಕೊಟ್ಟಿಗೆಯ ಗೆರೆ ದಾಟಿದ್ದರು. ಅಂದು ಅವರಿಗೆ ಅಭ್ಯಂಜನ ನೀಡಿದೆವು. ಅಳು ಕೇಳಿಸಲಿಲ್ಲ. ಬಾವಿಯ ಗೆರೆ ಇನ್ನೂ ಉಳಿದಿತ್ತು.