ನಗರದ ಸೊಗಸು

ನಗರವೊಂದು ವಾಸಕ್ಕೆ ಸೊಗಸಾಗುವುದು ಯಾವುದರಿಂದ? ಹೀಗೆ ಕೇಳಿದರೆ ಬರುವ ಉತ್ತರಗಳು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ವಸ್ತುಗಳನ್ನೇ ಹೆಸರಿಸುತ್ತವೆ: ಅಗಲವಾದ ಬೀದಿಗಳು, ದೀಪಗಳ ಸಾಲು, ಉದ್ಯಾನಗಳು, ಎತ್ತರದ ಮಹಡಿಗಳು. ಇವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಇವೆಲ್ಲವೂ ಇದ್ದು ಮನಸ್ಸಿಗೆ ಹತ್ತದ ಊರುಗಳುಂಟು. ಇವುಗಳಲ್ಲಿ ಅರ್ಧವೂ ಇಲ್ಲದೆ, ಬಿಟ್ಟುಹೋದವನ ನೆನಪನ್ನು ಕೊನೆಯವರೆಗೂ ಬಿಡದ ಊರುಗಳೂ ಉಂಟು. ಆದುದರಿಂದ ಈ ಪ್ರಶ್ನೆಗೆ ಉತ್ತರವನ್ನು ಚರಿತ್ರೆಯಲ್ಲಿ ಹುಡುಕುವುದು ಲೇಸು.

ಅದಕ್ಕಾಗಿ ನಾವು ಆರಿಸಿಕೊಂಡಿರುವುದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯನ್ನು. ಕಾಡು, ಕಣಿವೆ, ಅಡಕೆಯ ತೋಟ ಇವೇ ತುಂಬಿರುವ ನಾಡಿನಲ್ಲಿ ನಗರದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಬನವಾಸಿಯೂ ಸೋದೆಯೂ ಇಂದಿನ ಶಿರಸಿ ತಾಲೂಕಿನಲ್ಲಿಯೇ ಇವೆ. ಶ್ವೇತಪುರವೆಂದು ಹೆಸರಾಗಿದ್ದ ಬಿಳಗಿ ಸಿದ್ದಾಪುರ ತಾಲೂಕಿನಲ್ಲಿದೆ. ರಾಜಧಾನಿಗಳು ಹುಟ್ಟಿ, ಬೆಳೆದು, ಅಳಿದುದನ್ನು ಇಷ್ಟು ಸಮೀಪದಲ್ಲಿ ಕಂಡ ನೆಲ ಕನ್ನಡನಾಡಿನಲ್ಲಿ ವಿರಳ. ಅಲ್ಲದೆ ಈ ಪ್ರಶ್ನೆ ಅಲ್ಲಿಯ ಜನಕ್ಕೆ ಹೊತ್ತು ಕಳೆಯುವ ಮಾತಲ್ಲ. ಆ ಸೀಮೆಯ ಎಷ್ಟೋ ಮನೆಗಳಲ್ಲಿ ಈಗ ಉಳಿದಿರುವವರು ವಯಸ್ಸಾದ ತಂದೆ ತಾಯಿಗಳು ಮಾತ್ರ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಇಲ್ಲವೆ ಇನ್ನೂ ದೂರದಲ್ಲಿದ್ದಾರೆ. ಮಹಾನಗರದಲ್ಲಿ ಅವರನ್ನು ಸೆಳೆದದ್ದು ಏನು? ಊರಿನಲ್ಲಿ ಇಲ್ಲದ್ದು ಏನು?

ಓದಿಗಾಗಿ ಊರುಬಿಟ್ಟು ಮಹಾನಗರಕ್ಕೆ ಹೋಗುವುದು ಈ ಭಾಗದಲ್ಲಿ ಹೊಸ ಪದ್ಧತಿಯಲ್ಲ. ಬನವಾಸಿಗೆ ಬಹಳ ದೂರವಲ್ಲದ ತಾಳಗುಂದದ ಕಂಬದ ಶಾಸನವು ಅಂತಹ ಒಬ್ಬ ತರುಣನ ಕಥೆಯನ್ನು ಹೇಳುತ್ತದೆ. 4ನೆಯ ಶತಮಾನದಲ್ಲಿ ಮಯೂರಶರ್ಮನು ವೀರಶರ್ಮನೊಡನೆ ಪಲ್ಲವರ ಕಾಂಚೀನಗರಕ್ಕೆ ವಿದ್ಯಾಭ್ಯಾಸಕ್ಕೆಂದು ಹೋದನು. ಅಲ್ಲಿಯ ಘಟಿಕಾಸ್ಥಾನವು ದಕ್ಷಿಣದಲ್ಲೆಲ್ಲ ಪ್ರಸಿದ್ಧವಾದ ವಿದ್ಯಾಪೀಠ. ಅಲ್ಲಿ ಪಲ್ಲವರ ಕುದುರೆಯಾಳೊಬ್ಬನೊಡನೆ ಜಗಳವಾಯಿತು. ಅವಮಾನಗೊಂಡ ತರುಣನು ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದನು. ಶ್ರೀಪರ್ವತದ ಕಾಡುಗಳಲ್ಲಿ ನಿಂತು ಕಾದಾಡಿದನು. ಕಡೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಿಕೊಂಡರು. ಬನವಾಸಿಯ ಕದಂಬರಾಜ್ಯವು ಹೀಗೆ ಹುಟ್ಟಿತು. ಈ ಕಥೆಯನ್ನು ನಾವು ಶೌರ್ಯದ ಕಥೆಯಾಗಿ ಓದುವುದು ವಾಡಿಕೆ. ನಗರದ ಕಥೆಯಾಗಿ ಓದಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ಕಾಂಚಿಯಲ್ಲಿ ಕೋಟೆಯಿತ್ತು, ವಿದ್ಯೆಯಿತ್ತು, ಸಂಪತ್ತಿತ್ತು. ಹೊರಗಿನಿಂದ ಬಂದ ವಿದ್ಯಾರ್ಥಿಗೆ ಬೀದಿಯಲ್ಲಿ ಮರ್ಯಾದೆಯೊಂದು ಸಿಕ್ಕಲಿಲ್ಲ. ಅದೊಂದರ ಕೊರತೆಯಿಂದ ಆ ನಗರವು ಒಬ್ಬ ವಿದ್ವಾಂಸನನ್ನು ಕಳೆದುಕೊಂಡು ಒಬ್ಬ ಶತ್ರುವನ್ನು ಸಂಪಾದಿಸಿತು.

ಕದಂಬರಿಗಿಂತ ಮೊದಲೇ ಬನವಾಸಿ ದೊಡ್ಡ ಊರಾಗಿತ್ತು. ಕ್ರಿ. ಶ. 2ನೆಯ ಶತಮಾನದ ಭೂಗೋಳಜ್ಞ ಟಾಲೆಮಿಗೆ ಅದರ ಹೆಸರು ಗೊತ್ತಿತ್ತು. ಪಶ್ಚಿಮ ಘಟ್ಟದ ಉತ್ತರದಲ್ಲಿರುವ ಕಾರ್ಲೆಯ ಬೌದ್ಧಗುಹೆಯ ಶಾಸನವು, ಆ ಶಿಲಾಮಂದಿರವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಭೂತಪಾಲನೆಂಬ ಶ್ರೇಷ್ಠಿ ಎಂದು ತಿಳಿಸುತ್ತದೆ. ವೈಜಯಂತಿ ಎಂದರೆ ಬನವಾಸಿಯೇ ಎಂಬುದು ವಿದ್ವಾಂಸರ ಮತ. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ನಾಗಶಿಲೆಯ ಪ್ರಾಕೃತ ಶಾಸನದಲ್ಲಿ ಚುಟುವಂಶದ ರಾಜಪುತ್ರಿಯೊಬ್ಬಳು ನಾಗಪ್ರತಿಮೆಯೊಡನೆ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ದಾನಮಾಡಿದ ಸಂಗತಿಯಿದೆ. ಪೂಜೆಗೆ ಪ್ರತಿಮೆ, ಕುಡಿಯಲು ನೀರು, ಪರಸ್ಥಳದ ಭಿಕ್ಷುವಿಗೆ ತಂಗಲು ನೆರಳು, ಈ ಮೂರನ್ನೂ ಒಂದೇ ದಾನದಲ್ಲಿ ಸೇರಿಸಿದ ಆ ಮಹಿಳೆಗೆ ನಗರವೆಂದರೇನು ಎಂಬುದು ಚೆನ್ನಾಗಿ ತಿಳಿದಿತ್ತು ಎಂದು ನಮಗೆ ತೋರುತ್ತದೆ.

ಮುಂದೆ ಚಾಲುಕ್ಯರ ಇಮ್ಮಡಿ ಪುಲಕೇಶಿಯು ಬನವಾಸಿಯನ್ನು ಮುತ್ತಿದನು. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ವರದಾನದಿ ಬಳಸಿದ್ದ ಆ ಜಲದುರ್ಗವನ್ನು ವರ್ಣಿಸಿದ್ದಾನೆ. ಕದಂಬರ ಸಿಂಹಾಸನ ಹೋಯಿತು. ಆದರೂ ನಗರ ಹಾಳಾಗಲಿಲ್ಲ. ಬನವಾಸಿ ಪನ್ನಿರ್ಛಾಸಿರವೆಂಬ ದೊಡ್ಡ ಪ್ರಾಂತಕ್ಕೆ ಅದು ಮುಖ್ಯಸ್ಥಳವಾಗಿಯೇ ಉಳಿಯಿತು. ಅದಾಗಿ ಮುನ್ನೂರು ವರ್ಷಗಳ ಮೇಲೆ, 941ರಲ್ಲಿ, ಪಂಪನು ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ ವಿಕ್ರಮಾರ್ಜುನವಿಜಯವನ್ನು ಬರೆದನು. ಅರ್ಜುನನ ತೀರ್ಥಯಾತ್ರೆಯ ಸಂದರ್ಭದಲ್ಲಿ ಅವನ ಲೇಖನಿ ಬನವಾಸಿಯ ಕಡೆಗೆ ತಿರುಗಿದ ಬಗೆಯನ್ನು ಕನ್ನಡಿಗರಿಗೆ ನೆನಪುಮಾಡಿಕೊಡಬೇಕಾಗಿಲ್ಲ. ನಾವು ಇಲ್ಲಿ ಗಮನಿಸಬೇಕಾದುದು ಒಂದೇ. ಕವಿಗೆ ಅಲ್ಲಿ ನೆನಪಾದುದು ಕೋಟೆಯಲ್ಲ, ಅರಮನೆಯಲ್ಲ. ಕೊಡುವ ಕೈ, ಅನುಭವಿಸಬಲ್ಲ ಮನಸ್ಸು, ವಿದ್ಯೆ, ಸಂಗೀತ, ಸಜ್ಜನರ ಗೋಷ್ಠಿ, ಅದರೊಡನೆ ತೆಂಕಣ ಗಾಳಿ. ಒಂದು ಸ್ಥಳದ ಸೊಗಸನ್ನು ಅಲ್ಲಿಯ ಮನುಷ್ಯರ ಸಹವಾಸದಿಂದ ಅಳೆದ ಲೆಕ್ಕ ಇದು. ಇದಕ್ಕಿಂತ ಒಳ್ಳೆಯ ಅಳತೆಗೋಲು ಆಮೇಲೆ ನಮಗೆ ದೊರೆತಿಲ್ಲ.

ಸೋದೆಯ ಕಥೆ ಇದಕ್ಕೆ ವಿರುದ್ಧವಾದುದು. ವಿಜಯನಗರದ ಕಾಲದಲ್ಲಿ ತಲೆಯೆತ್ತಿದ ಸೋದೆಯ ಅರಸುಮನೆತನವು ಎರಡು ಶತಮಾನಗಳ ಕಾಲ ಬಾಳಿತು. ಮೆಣಸಿನ ವ್ಯಾಪಾರದಿಂದ ಹಣ ಬಂದಿತು. ಅಲ್ಲಿಯ ಅರಸ ಸದಾಶಿವರಾಯನು ಸ್ವರವಚನಗಳನ್ನು ರಚಿಸಿದ ಕವಿಯೂ ಆಗಿದ್ದನು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ಸೈನ್ಯವು ಅನಂತರ ಸೋದೆಯನ್ನೂ ವಶಪಡಿಸಿಕೊಂಡಿತು. ಅರಸನು ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದನು. 1801ರಲ್ಲಿ ಆ ದಾರಿಯಾಗಿ ಬಂದ ಬುಕಾನನ್ ಕಂಡದ್ದು ಹಾಳುಬಿದ್ದ ಊರನ್ನು. ಅರಸನನ್ನೇ ನೆಚ್ಚಿದ ಊರು ಅರಸನೊಡನೆಯೇ ಹೋಯಿತು. ಅಲ್ಲಿ ಇಂದಿಗೂ ಉಳಿದು ಜನರನ್ನು ಕರೆಯುತ್ತಿರುವವು ವಾದಿರಾಜರ ಮಠ, ಸ್ವರ್ಣವಲ್ಲಿಯ ಮಠ, ಜೈನಮಠ ಈ ಮೂರು. ಮೂರು ಬೇರೆ ಬೇರೆ ಮತಗಳಿಗೆ ಒಂದೇ ಸೀಮೆಯಲ್ಲಿ ಜಾಗ ಕೊಟ್ಟುದೇ ಸೋದೆಯ ಅರಸರ ಬಾಳಿಕೆಯ ಕಟ್ಟಡವಾಯಿತೆನ್ನಬಹುದು. ಬಿಳಗಿಯಲ್ಲಿಯೂ ಹಾಗೆಯೇ: ಅರಸರು ಹೋದರು, ರತ್ನತ್ರಯ ಬಸದಿ ನಿಂತಿತು.

ಇನ್ನು ಶಿರಸಿ. ಅದಕ್ಕೆ ಬನವಾಸಿಯ ಪ್ರಾಚೀನತೆಯಿಲ್ಲ, ಸೋದೆಯ ಸಿಂಹಾಸನವಿಲ್ಲ. ಅದನ್ನು ಬೆಳೆಯಿಸಿದವು ದಾರಿ, ಪೇಟೆ ಮತ್ತು ಜಾತ್ರೆ. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. ಧಾರವಾಡದ ಕಡೆಯ ಹತ್ತಿಯ ಗಾಡಿಗಳು ಶಿರಸಿಯ ಮೇಲೆ ದೇವಿಮನೆ ಘಟ್ಟವಿಳಿದು ಕುಮಟೆಯ ಬಂದರಿಗೂ, ಯಲ್ಲಾಪುರದ ಮೇಲೆ ಅರಬೈಲು ಘಟ್ಟವಿಳಿದು ಕಾರವಾರದ ಕಡೆಗೂ ಹೋಗುತ್ತಿದ್ದವು. ಆ ಹತ್ತಿಗೆ ವ್ಯಾಪಾರದಲ್ಲಿ ಕುಮಟೆಯ ಹೆಸರೇ ನಿಂತಿತು. 1880ರ ದಶಕದ ಕೊನೆಯಲ್ಲಿ ಮರ್ಮಗೋವೆಗೆ ರೈಲುದಾರಿ ಆದ ಮೇಲೆ ಆ ಗಾಡಿಗಳ ಸಾಲು ಕರಗಿತು. ಶಿರಸಿಗೆ ರೈಲು ಇನ್ನೂ ಬಂದಿಲ್ಲ. ಆದರೂ ಊರು ಕುಗ್ಗಲಿಲ್ಲ. ಸುತ್ತಲಿನ ಕಣಿವೆಗಳ ಅಡಕೆ, ಮೆಣಸು, ಏಲಕ್ಕಿಗಳು ಅಲ್ಲಿಗೇ ಬರಬೇಕಾಗಿತ್ತು. ಅವುಗಳೊಡನೆ ಜನರೂ ಬರುತ್ತಿದ್ದರು.

ಮಲೆನಾಡಿನ ವಾಸದ ರೀತಿಯನ್ನು ಬಲ್ಲವರಿಗೆ ಇದರ ಮಹತ್ವ ತಿಳಿಯುತ್ತದೆ. ಬಯಲುಸೀಮೆಯಂತೆ ಅಲ್ಲಿ ಮನೆಗಳು ಒತ್ತಾಗಿ ಸೇರಿಕೊಂಡಿರುವುದಿಲ್ಲ. ತೋಟದ ತಲೆಯಲ್ಲಿ ಒಂದು ಮನೆ, ಗುಡ್ಡದಾಚೆ ಇನ್ನೊಂದು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಮೂರು ನಾಲ್ಕು ತಿಂಗಳು ನೆರೆಮನೆಯೇ ದೂರ. ಅಂತಹವರಿಗೆ ಪೇಟೆಯೆಂದರೆ ಬರಿಯ ಕ್ರಯವಿಕ್ರಯದ ಸ್ಥಳವಲ್ಲ, ಮಾತಿನ ಸ್ಥಳ. 1923ರಲ್ಲಿ ತೋಟಗಾರರು ಸೇರಿ ಶಿರಸಿಯಲ್ಲಿ ತಮ್ಮದೇ ಸಹಕಾರಿ ಮಾರಾಟ ಸಂಘವನ್ನು ಸ್ಥಾಪಿಸಿದರು. ಒಬ್ಬೊಬ್ಬನೇ ಮೂಟೆ ತಂದು ದಲಾಲಿಯ ಮುಂದೆ ನಿಲ್ಲುವ ಬದಲು ಎಲ್ಲರ ಅಡಕೆ ಒಂದೇ ಅಂಗಳದಲ್ಲಿ ಬಹಿರಂಗವಾಗಿ ಮಾರಾಟವಾಗತೊಡಗಿತು. ಅದರಿಂದ ದರ ಬಂದಿತೆಂಬುದು ಒಂದು ಲಾಭ. ದೂರದೂರದ ಕಣಿವೆಯವರು ಒಂದೇ ಜಗುಲಿಯಲ್ಲಿ ಕುಳಿತು ಒಂದೇ ಲೆಕ್ಕವನ್ನು ನೋಡಿದರೆಂಬುದು ಇನ್ನೊಂದು. ಸಂಜೆಗೆ ತಾಳಮದ್ದಳೆ ಇದ್ದರೆ ಅದೇ ಜನ ಅರ್ಥಧಾರಿಗಳ ವಾದವನ್ನು ಬೆಳಗಿನವರೆಗೂ ಕೇಳುವರು. ಪಂಪನು ಗೋಷ್ಠಿಯೆಂದುದು ಇಲ್ಲಿ ಬೇರೆ ವೇಷದಲ್ಲಿ ಬಂದಿದೆ.

ಎರಡು ವರ್ಷಗಳಿಗೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ಶಿರಸಿ ಕೆಲವು ದಿನ ನಿಜವಾಗಿಯೂ ಮಹಾನಗರವಾಗುತ್ತದೆ. ದೇವಿಯು ಗುಡಿಯಿಂದ ಹೊರಟು ರಥದಲ್ಲಿ ಬಂದು ಪೇಟೆಯ ಗದ್ದುಗೆಯಲ್ಲಿ ಕುಳಿತುಕೊಳ್ಳುತ್ತಾಳೆ. ದೇವತೆಯೇ ಬೀದಿಗೆ ಬಂದ ಮೇಲೆ ಬಂದವರೆಲ್ಲರೂ ಊರಿನವರೇ. ಆದರೂ ಹಿಂದಿನದೆಲ್ಲವೂ ಸೊಗಸಾಗಿತ್ತೆಂದು ನಾವು ಹೇಳಲಾರೆವು. ಆ ಜಾತ್ರೆಯಲ್ಲಿ ಕೋಣನ ಬಲಿಯಿತ್ತು, ಊರುಗಳಲ್ಲಿ ಅಸ್ಪೃಶ್ಯತೆಯಿತ್ತು. 1934ರಲ್ಲಿ ಗಾಂಧೀಜಿಯವರು ಹರಿಜನ ಪ್ರವಾಸದಲ್ಲಿ ಶಿರಸಿಗೆ ಬಂದರು. ಆ ಕಾಲದ ಸುಧಾರಣೆಯ ಗಾಳಿಯಲ್ಲಿ ಬಲಿ ನಿಂತಿತು. ಜಾತ್ರೆ ಅದರಿಂದ ಚಿಕ್ಕದಾಗಲಿಲ್ಲ. ಒಂದು ಊರು ತನ್ನ ಹಳೆಯ ರೂಢಿಯನ್ನು ತಾನೇ ತಿದ್ದಿಕೊಂಡು ಮೊದಲಿಗಿಂತ ಹೆಚ್ಚು ಜನರನ್ನು ಬರಮಾಡಿಕೊಳ್ಳಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಇಷ್ಟಾದರೂ ತರುಣರು ಹೋಗುತ್ತಿದ್ದಾರೆ. ಮೊದಲು ಅವರನ್ನು ಧಾರವಾಡ ಕರೆಯಿತು, 1917ರಲ್ಲಿ ಅಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾದ ಮೇಲೆ, ಮುಂಬಯಿ ಕರೆಯಿತು, ಈಗ ಬೆಂಗಳೂರು ಕರೆಯುತ್ತದೆ. 2011ರ ಜನಗಣತಿಯಲ್ಲಿ ಶಿರಸಿ ಪಟ್ಟಣದ ಜನಸಂಖ್ಯೆ ಸುಮಾರು 60 ಸಾವಿರ. ಬೆಂಗಳೂರಿನದು ಸುಮಾರು 85 ಲಕ್ಷ. ಕೆಲಸವು ಅಲ್ಲಿದೆ ಎಂಬುದು ನಿಜ, ಆದರೆ ಅದಷ್ಟೇ ಪೂರ್ಣಸತ್ಯವಲ್ಲ. ಸಣ್ಣ ಊರು ಹೊಸಬನನ್ನು ಕಂಡಾಗ ಮೊದಲು ಕೇಳುವುದು ‘ನೀನು ಯಾರ ಪೈಕಿ?’ ಎಂದು. ದೊಡ್ಡ ನಗರ ಕೇಳುವುದು ‘ನಿನಗೆ ಏನು ಬರುತ್ತದೆ?’ ಎಂದು. ಮೊದಲಿನ ಪ್ರಶ್ನೆಯಲ್ಲಿ ಅಕ್ಕರೆಯುಂಟು, ಆದರೆ ಕಟ್ಟೂ ಉಂಟು. ಎರಡನೆಯದರಲ್ಲಿ ಬಿಡುಗಡೆಯುಂಟು, ಆದರೆ ಕಾಯಿಲೆ ಬಿದ್ದ ದಿನ ಬಾಗಿಲು ತಟ್ಟುವವರಿಲ್ಲ. ಕುಲವನ್ನು ಕೇಳಿಸಿಕೊಂಡು ಬೇಸತ್ತ ಹುಡುಗನೂ, ಪ್ರತಿ ಹೆಜ್ಜೆಗೂ ಲೆಕ್ಕ ಕೊಡಬೇಕಾದ ಹುಡುಗಿಯೂ ಆ ಒಂಟಿತನವನ್ನೇ ಆರಿಸಿಕೊಂಡರೆ ಅವರನ್ನು ಹಳಿಯುವುದು ನ್ಯಾಯವಲ್ಲ.

ಹಾಗಾದರೆ ಈ ಮೂರು ತಾಲೂಕುಗಳ ಊರುಗಳಿಗೆ ಚರಿತ್ರೆ ಹೇಳುವ ಮಾತೇನು? ಬೆಂಗಳೂರಿನ ಮಹಡಿಗಳನ್ನು ಅನುಕರಿಸುವುದರಿಂದ ಪ್ರಯೋಜನವಿಲ್ಲ. ಮಹಡಿಗಳು ಸೋದೆಯಲ್ಲಿಯೂ ಇದ್ದವು. ಕೆರೆಯ ನೀರು, ನಂಬಬಹುದಾದ ಪೇಟೆ, ತೆರೆದ ವಿದ್ಯಾಶಾಲೆ, ಎಲ್ಲರೂ ಕುಳಿತುಕೊಳ್ಳಬಹುದಾದ ಗೋಷ್ಠಿ, ಇವನ್ನು ಉಳಿಸಿಕೊಂಡ ಊರು ಅರಸನಿಲ್ಲದೆಯೂ ಬಾಳೀತು, ರೈಲಿಲ್ಲದೆಯೂ ಬಾಳೀತು. ಆದರೆ ಅದರ ಜೊತೆಗೆ ಮಹಾನಗರದಿಂದ ಒಂದನ್ನು ಕಲಿಯಬೇಕು: ಬಂದವನ ವಂಶವನ್ನು ವಿಚಾರಿಸುವ ಮೊದಲು ಅವನ ಯೋಗ್ಯತೆಯನ್ನು ವಿಚಾರಿಸುವುದು. ಮಹಾನಗರವೂ ಇವುಗಳಿಂದ ಒಂದನ್ನು ಕಲಿಯಬೇಕು: ತನ್ನ ಬೀದಿಯಲ್ಲಿ ನಡೆಯುವ ಅಪರಿಚಿತನಿಗೆ ಮರ್ಯಾದೆಯನ್ನೂ, ಅವನ ನೆರೆಗೆ ಒಬ್ಬ ಮನುಷ್ಯನನ್ನೂ ಒದಗಿಸುವುದು. ಕಾಂಚಿಯು ಆ ಪಾಠವನ್ನು ಕಲಿತಿರಲಿಲ್ಲ. ಬನವಾಸಿ ಕಲಿತಿತ್ತು, ಆದುದರಿಂದಲೇ ದೂರದ ವೇಮುಲವಾಡದಲ್ಲಿ ಕುಳಿತ ಕವಿಗೆ ಅದರ ನೆನಪು ಬಂದಿತು.