ದಾನವೆಂಬ ಬೀಗದ ಕೈ

1784ರ ಜನವರಿ 15ರಂದು ಕಲ್ಕತ್ತೆಯಲ್ಲಿ ಸುಮಾರು ಮೂವತ್ತು ಮಂದಿ ಸೇರಿ ಏಷಿಯಾಟಿಕ್ ಸೊಸೈಟಿ ಎಂಬ ವಿದ್ವತ್ ಸಂಸ್ಥೆಯನ್ನು ಹುಟ್ಟುಹಾಕಿದರು. ಮುಂದಾಳಾಗಿದ್ದವನು ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಸರ್ ವಿಲಿಯಂ ಜೋನ್ಸ್. ಏಷ್ಯಾದ ಚರಿತ್ರೆ, ಭಾಷೆ, ಕಲೆ, ವಿಜ್ಞಾನಗಳನ್ನೆಲ್ಲ ಅರಿಯಬೇಕೆಂಬುದು ಅವರ ಹಂಬಲ. ಆದರೆ ಅಲ್ಲಿ ಸೇರಿದವರೆಲ್ಲ ಯುರೋಪಿನ ಗಂಡಸರು. ಭಾರತೀಯರಿಗೆ ಸದಸ್ಯತ್ವ ಸಿಕ್ಕಿದ್ದು ನಲವತ್ತೈದು ವರ್ಷಗಳ ಮೇಲೆ, 1829ರಲ್ಲಿ. ಹೆಂಗಸರ ಮಾತಂತೂ ಬಿಡಿ.

ಹೀಗೆ ಬಾಗಿಲು ಮುಚ್ಚಿದ್ದರೂ ಒಳಗಿನ ಕೆಲಸ ಹೊರಗಿನವರಿಲ್ಲದೆ ಸಾಗುವಂತಿರಲಿಲ್ಲ. ಜೋನ್ಸ್ ಸಂಸ್ಕೃತ ಕಲಿಯಲು ಹೊರಟಾಗ ಬ್ರಾಹ್ಮಣ ಪಂಡಿತರು ಒಪ್ಪಲಿಲ್ಲ. ಕಲಿಸಿದವರು ರಾಮಲೋಚನ ಎಂಬ ಬಂಗಾಳದ ವೈದ್ಯರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಜೋನ್ಸ್ 1786ರಲ್ಲಿ ಸೊಸೈಟಿಯ ಸಭೆಯಲ್ಲಿ ಹೇಳಿದ. 1789ರಲ್ಲಿ ಕಾಳಿದಾಸನ ಶಾಕುಂತಲವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ. ಶಿಷ್ಯನ ಹೆಸರು ಲೋಕಕ್ಕೆಲ್ಲ ಗೊತ್ತು. ಗುರುವಿನ ಹೆಸರು ಎಷ್ಟು ಜನರಿಗೆ ಗೊತ್ತು?

ನನಗೆ ಇದಕ್ಕಿಂತಲೂ ಪ್ರಿಯವಾದ ಕಥೆ ಜೇಮ್ಸ್ ಪ್ರಿನ್ಸೆಪ್‌ನದು. ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹ ಪರೀಕ್ಷೆಯ ಅಧಿಕಾರಿಯಾಗಿದ್ದ ಅವನು ಸೊಸೈಟಿಯ ಕಾರ್ಯದರ್ಶಿಯೂ ಹೌದು. ದೆಹಲಿ, ಅಲಹಾಬಾದಿನ ಕಂಬಗಳ ಮೇಲಿನ ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ಆಗ ಯಾರೂ ಇರಲಿಲ್ಲ. 1837ರಲ್ಲಿ ಸಾಂಚಿಯ ಸ್ತೂಪದಿಂದ ಹಲವು ಚಿಕ್ಕ ಚಿಕ್ಕ ಶಾಸನಗಳ ಪ್ರತಿಗಳು ಅವನ ಕೈಸೇರಿದವು. ಹೆಚ್ಚಿನವು ಒಂದೇ ಬಗೆಯ ಎರಡು ಅಕ್ಷರಗಳಿಂದ ಮುಗಿಯುತ್ತಿದ್ದವು. ಪುಣ್ಯಸ್ಥಳದ ಕಲ್ಲಿನ ಮೇಲೆ ಜನ ಏನು ಬರೆಸುತ್ತಾರೆ? ನಮ್ಮೂರ ದೇವಸ್ಥಾನದ ಫ್ಯಾನು, ಟ್ಯೂಬ್‌ಲೈಟುಗಳನ್ನು ನೋಡಿದವರಿಗೆ ಉತ್ತರ ಗೊತ್ತು: ಇಂಥವರ ದಾನ! ಪ್ರಿನ್ಸೆಪ್ ಊಹಿಸಿದ್ದೂ ಅದನ್ನೇ. ಕೊನೆಯ ಎರಡಕ್ಷರ 'ದಾನಂ'. ಆ ಬೀಗದ ಕೈ ಸಿಕ್ಕಿದ ಮೇಲೆ ಉಳಿದ ಅಕ್ಷರಗಳೂ ಬೇಗನೆ ಬಿಡಿಸಿಕೊಂಡವು.

ಆ ದಾನ ಕೊಟ್ಟವರು ಯಾರು? ಅರಸರಷ್ಟೇ ಅಲ್ಲ, ವರ್ತಕರು, ಕುಶಲಕರ್ಮಿಗಳು, ಭಿಕ್ಷುಗಳು. ಅವರ ನಡುವೆ ಬಹಳ ಮಂದಿ ಹೆಂಗಸರು. ಕೆಲವರು ಭಿಕ್ಷುಣಿಯರು, ಕೆಲವರು ಗೃಹಿಣಿಯರು. ಒಬ್ಬಳು ತನ್ನ ಹೆಸರನ್ನೇ ಬರೆಸಿದ್ದಾಳೆ, ಇನ್ನೊಬ್ಬಳು ಇಂಥವನ ತಾಯಿ ಎಂದಷ್ಟೇ ಗುರುತಾಗಿದ್ದಾಳೆ. ನಮ್ಮ ಬೀದಿಯಲ್ಲಿ ಇಂದಿಗೂ ಎಷ್ಟೋ ಹೆಂಗಸರನ್ನು ಕರೆಯುವುದು ಹಾಗೆಯೇ ಅಲ್ಲವೇ? ಹಾಸುಗಲ್ಲೋ, ಕಟಕಟೆಯ ತುಂಡೋ, ಕೈಲಾದಷ್ಟನ್ನು ಕೊಟ್ಟು ಅದರ ಮೇಲೆ ಒಂದು ಸಾಲು ಕೊರೆಸಿದರು.

ಹೀಗೆ ಕಲಿತ ಲಿಪಿಯಿಂದ ಕಂಬಗಳೂ ಮಾತಾಡಿದವು. 'ದೇವಾನಂಪಿಯ ಪಿಯದಸಿ' ಎಂಬ ರಾಜನೊಬ್ಬ ಕಾಣಿಸಿಕೊಂಡ. ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ಜಾರ್ಜ್ ಟರ್ನರ್ ಎಂಬ ಅಧಿಕಾರಿ ಅವನು ಅಶೋಕನೆಂದು ತೋರಿಸಿಕೊಟ್ಟ. 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿದ ಬಂಡೆಯ ಶಾಸನದಲ್ಲಿ 'ಅಶೋಕ' ಎಂಬ ಹೆಸರೇ ಇದ್ದು, ಆ ಮಾತು ಗಟ್ಟಿಯಾಯಿತು. ಅಷ್ಟು ಹೊತ್ತಿಗೆ ಪ್ರಿನ್ಸೆಪ್ ತೀರಿಕೊಂಡು ಮುಕ್ಕಾಲು ಶತಮಾನವೇ ಆಗಿತ್ತು. 1840ರಲ್ಲಿ ಸಾಯುವಾಗ ಅವನಿಗೆ ನಲವತ್ತು ವರ್ಷ.

ಪ್ರಿನ್ಸೆಪ್‌ನ ಶ್ರಮವನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಪಾಠ ಮಾಡುವಾಗ ಅವನ ಹೆಸರಿನೊಂದಿಗೆ ಆ ಹೆಂಗಸರನ್ನೂ ನಾನು ಮಕ್ಕಳಿಗೆ ನೆನಪಿಸುತ್ತೇನೆ. ಸೊಸೈಟಿಯನ್ನು ಕಟ್ಟಿದ ಆ ಸಭೆಯಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ, ನಿಜ. ಎರಡು ಸಾವಿರ ವರ್ಷ ಹಿಂದೆ ಯಾವಳೋ ಒಬ್ಬಳು ತನ್ನದು ಎಂದು ಕೊರೆಸಿದ ಕಲ್ಲು ಮಾತ್ರ, ಸಾಮ್ರಾಟನ ಮಾತನ್ನು ಓದುವ ಅಕ್ಷರವನ್ನು ಅವರಿಗೆ ಕಲಿಸಿತು.